ಮದ್ದಿನ ಅಳತೆ

ಬೇಟೆಯ ಬಂದೂಕಿಗೆ ಬೇಕಾದ ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳದೆ, ಒಮ್ಮೆ ಸಿಡಿದ ತೋಟಾದ ಹಿತ್ತಾಳೆ ಕೊಳವೆಯನ್ನು ಮತ್ತೆ ಹದಕ್ಕೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಬಿಗಿದು ಸ್ವತಃ ಸಿದ್ಧಪಡಿಸಿಕೊಳ್ಳುವ ಕಸುಬೊಂದು ಅಮೆರಿಕ, ಯುರೋಪು ಮತ್ತು ದಕ್ಷಿಣ ಆಫ್ರಿಕದ ಬೇಟೆಗಾರರಲ್ಲಿ ಇಂದಿಗೂ ರೂಢಿಯಲ್ಲಿದೆ. ಖರ್ಚು ಉಳಿಯುತ್ತದೆ, ಗುರಿ ಕರಾರುವಾಕ್ಕಾಗುತ್ತದೆ ಎಂಬ ಲಾಭಗಳ ಜೊತೆಗೆ ಅದರ ಪರವಾಗಿ ಒಂದು ನೈತಿಕ ವಾದವನ್ನೂ ಹೂಡಲಾಗುತ್ತದೆ: ತನ್ನ ಗುಂಡಿನ ಹಿಂದಿನ ಮದ್ದನ್ನು ತಾನೇ ಅಳೆದವನು ಆ ಗುಂಡಿನ ಫಲಕ್ಕೂ ತಾನೇ ಹೊಣೆಗಾರನಾಗುತ್ತಾನೆ, ಆದ್ದರಿಂದ ಅಂಥವನ ಕೈ ದುಡುಕುವುದಿಲ್ಲ, ಅವನ ಗುಂಡಿಗೆ ಸಿಕ್ಕ ಪ್ರಾಣಿ ನರಳುವುದಿಲ್ಲ. ಅಳತೆ ಬಲ್ಲ ಕೈ ಸಂಯಮವನ್ನೂ ಬಲ್ಲುದೇ ಎಂಬ ಈ ಪ್ರಶ್ನೆಯನ್ನು ಪರೀಕ್ಷಿಸಲು ಕೃಷ್ಣೆ ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿಗಿಂತ, ಅದರಲ್ಲೂ ಬೇಡ ನಾಯಕರ ನೆಲೆಯಾದ ದೇವದುರ್ಗ ಮತ್ತು ಹೊಳೆಯಾಚೆಯ ಸುರಪುರಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಮದ್ದಿನ ಅಳತೆಯನ್ನು ಇಲ್ಲಿನವರಷ್ಟು ಚೆನ್ನಾಗಿ ಬಲ್ಲವರೂ ವಿರಳ, ಅದನ್ನು ಇಲ್ಲಿನವರಷ್ಟು ಸಂಪೂರ್ಣವಾಗಿ ಕಳೆದುಕೊಂಡವರೂ ವಿರಳ.

ಮೊದಲು ಕಸುಬಿನ ಸೂಕ್ಷ್ಮವನ್ನು ತಿಳಿಯಬೇಕು. ತೋಟಾ ಎಂಬುದು ನಾಲ್ಕು ಅಂಗಗಳ ಕೂಡಿಕೆ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕುಳಿತು ಪೆಟ್ಟು ಬಿದ್ದೊಡನೆ ಕಿಡಿ ಹಾರಿಸುವ ಕೇಪು, ಕೊಳವೆಯೊಳಗಿನ ಮದ್ದು ಮತ್ತು ಬಾಯಲ್ಲಿ ಬಿಗಿದ ಗುಂಡು. ಬಂದೂಕಿನ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ನೇರ ಓಡಿಸಲು ಸುರುಳಿಗೀರುಗಳಿದ್ದರೆ ಅದು ರೈಫಲ್. ಆ ನಳಿಗೆಯ ಒಳವ್ಯಾಸ ಸುಮಾರು ಎಂಟೂವರೆಯಿಂದ ಹತ್ತು ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಅದನ್ನು ಮಧ್ಯಮ ನಳಿಗೆಯದೆಂದು ಕರೆಯುತ್ತಾರೆ. ಬರ್ಲಿನ್ನಿನ ಒಟ್ಟೊ ಬಾಕ್ 1905ರಲ್ಲಿ ರೂಪಿಸಿದ 9.3 ಮಿಲಿಮೀಟರಿನ ತೋಟಾ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ಹೊರತಂದ 375 ಮ್ಯಾಗ್ನಂ ಈ ವರ್ಗದ ಹೆಸರಾಂತ ಮಾದರಿಗಳು. ಜಿಂಕೆಗೆ ಹೆಚ್ಚೂ ಆಗದೆ ಕಾಟಿಗೆ ಕಡಿಮೆಯೂ ಆಗದೆ ಎರಡಕ್ಕೂ ಒದಗುವ ಬಂದೂಕೆಂದು ಇವು ಬೇಡಿಕೆಯಲ್ಲಿದ್ದವು. ಮದ್ದನ್ನು ಇಲ್ಲಿ ಅಳೆಯುವುದು ಗ್ರೇನ್ ಎಂಬ ತೂಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ಅಕ್ಕಸಾಲಿಗರ ತಕ್ಕಡಿಯಲ್ಲಿ ಕೂರುತ್ತಿದ್ದ ಒಂದು ಗುಲಗಂಜಿ ಎರಡು ಗ್ರೇನಿಗೂ ತುಸು ಕಡಿಮೆ ತೂಗುತ್ತದೆ ಎಂದರೆ ಈ ಕಸುಬಿನ ನವಿರು ಕನ್ನಡಿಗರಿಗೆ ಸುಲಭವಾಗಿ ಅರ್ಥವಾದೀತು. ಗುಲಗಂಜಿಯಷ್ಟು ಮದ್ದು ಹೆಚ್ಚಾದರೆ ಕೆಲವು ತೋಟಾಗಳಲ್ಲಿ ಒಳಗಿನ ಒತ್ತಡ ಅಪಾಯದ ಗೆರೆ ದಾಟುತ್ತದೆ.

ಆ ಒತ್ತಡಕ್ಕೆ ಬಿಸಿಲೂ ಪಾಲುದಾರ. ಬ್ರಿಟಿಷರು 1889ರಲ್ಲಿ ರೂಪಿಸಿದ, ದಾರದ ಎಳೆಗಳಂತೆ ಕಾಣುವ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ತಂಪು ಸೀಮೆಯಲ್ಲಿ ಸಾಧುವಾಗಿ ಉರಿಯುತ್ತಿದ್ದರೂ ಉರಿಬಿಸಿಲಿನಲ್ಲಿ ಕೆರಳಿ ಉರಿದು, ಸಿಡಿದ ಕೊಳವೆ ಉಬ್ಬಿ ನಳಿಗೆಯ ಬುಡದಲ್ಲೇ ಕಚ್ಚಿಕೊಳ್ಳುವಂತೆ ಮಾಡುತ್ತಿತ್ತು. ಗಾಯಗೊಂಡ ಮೃಗ ಎದುರಿಗಿರುವಾಗ ಎರಡನೆಯ ತೋಟಾ ಒಳಹೋಗದಿದ್ದರೆ ಬೇಟೆಗಾರನ ಗತಿಯೇನೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದಲೇ ಇಂಗ್ಲೆಂಡಿನ ತಯಾರಕರು ಭಾರತ ಮತ್ತು ಆಫ್ರಿಕಗಳಿಗೆಂದು ಮದ್ದನ್ನು ತಗ್ಗಿಸಿ ತುಂಬಿದ ಉಷ್ಣವಲಯದ ತೋಟಾಗಳನ್ನು ಪ್ರತ್ಯೇಕವಾಗಿ ಮಾರುತ್ತಿದ್ದರು. ಮೇ ತಿಂಗಳಲ್ಲಿ 40 ಡಿಗ್ರಿ ಸಲೀಸಾಗಿ ದಾಟುವ ರಾಯಚೂರಿನ ಸೆಕೆಗೆ ಲಂಡನ್ನಿನ ಅಳತೆ ಸಲ್ಲದು ಎಂಬುದನ್ನು ಸ್ವತಃ ಲಂಡನ್ನಿನ ಅಂಗಡಿಯೇ ಒಪ್ಪಿಕೊಂಡಂತಾಯಿತು. ಅಳತೆ ಎಂಬುದು ಪುಸ್ತಕದ ಪಟ್ಟಿಯಿಂದ ಎತ್ತಿಕೊಳ್ಳುವ ಅಂಕಿಯಷ್ಟೇ ಅಲ್ಲ, ನೆಲ, ಹವೆ, ಆ ಒಂದು ಬಂದೂಕಿನ ಗುಣ ಇವೆಲ್ಲವನ್ನೂ ಬಲ್ಲವನ ತಿಳಿವಳಿಕೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಡ.

ಈ ತಿಳಿವಳಿಕೆ ಎಡೆದೊರೆ ನಾಡಿಗೆ ಹಳೆಯದು. 1520ರಲ್ಲಿ ಕೃಷ್ಣದೇವರಾಯನು ಆದಿಲ್‌ಶಾಹಿಯ ವಶದಲ್ಲಿದ್ದ ರಾಯಚೂರು ಕೋಟೆಯನ್ನು ಮುತ್ತಿದಾಗ, ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಜೊತೆಗಿದ್ದ ಬೆರಳೆಣಿಕೆಯ ಬಂದೂಕುಗಾರರು ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಉರುಳಿಸಿದ್ದರಿಂದ ಕೆಳಗಿನವರಿಗೆ ಗೋಡೆ ಕೀಳಲು ಅನುವಾಯಿತೆಂದು ಪೋರ್ಚುಗೀಸ್ ವರ್ತಕ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಸದ್ದು ಮಾಡಿ ಬೆದರಿಸುವ ಸಾಧನವಾಗಿದ್ದ ಬಂದೂಕು ಗುರಿಯ ಸಾಧನವಾದ ಸಂಗತಿಗೆ ದಕ್ಷಿಣದಲ್ಲಿ ದೊರೆಯುವ ಮೊದಮೊದಲ ಸಾಕ್ಷ್ಯಗಳಲ್ಲಿ ಇದೂ ಒಂದು. ಆಮೇಲಿನ ಎರಡು ಶತಮಾನಗಳಲ್ಲಿ ಆ ವಿದ್ಯೆಯನ್ನು ತಮ್ಮದಾಗಿಸಿಕೊಂಡವರು ಬೇಡರು. 1705ರಲ್ಲಿ ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರದ ಬೇಡ ದೊರೆ ಪಿಡ್ಡ ನಾಯಕನ ವಾಗಿಣಗೇರಿ ಕೋಟೆಯ ಮೇಲಿನದು. ಎಂಬತ್ತು ದಾಟಿದ ಬಾದಶಹನನ್ನೂ ಅವನ ಅಪಾರ ಸೈನ್ಯವನ್ನೂ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಡೆದು ನಿಲ್ಲಿಸಿದ್ದು ಗುಡ್ಡದ ಸಂದುಗಳಿಂದ ಗುರಿ ತಪ್ಪದೆ ಹೊಡೆಯುತ್ತಿದ್ದ ಬೇಡ ಬಂದೂಕುಗಾರರು. ಆ ಗುರಿ ಪಳಗಿದ್ದು ಕವಾಯತಿನಲ್ಲಲ್ಲ, ಬೇಟೆಯಲ್ಲಿ. ಎರೆ ಹೊಲಗಳ ಚಿಗರಿ, ಕಲ್ಲುಗುಡ್ಡಗಳ ಹಂದಿ, ಹಳ್ಳದ ಪೊದೆಯ ಚಿರತೆ ಅದರ ಗುರುಗಳು.

ಬಾಯಿಂದ ಮದ್ದು ತುಂಬುವ ನಾಡಬಂದೂಕಿನಲ್ಲಿ ಪ್ರತಿಯೊಂದು ಈಡೂ, ಎಂದರೆ ಒಂದು ಸಲ ಹೊಡೆಯಲು ಬೇಕಾದ ಮದ್ದು ಗುಂಡುಗಳ ತುಂಬುವಿಕೆ, ಹೊಡೆಯುವವನದೇ ಕೈಕೆಲಸ. ಮದ್ದು ಸುರಿದು, ನಾರು ತುರುಕಿ, ಗಜದ ಕಡ್ಡಿಯಿಂದ ಜಡಿದು, ಚರೆ ಅಥವಾ ಗುಂಡು ಇಳಿಸಿ, ಕಡ್ಡಿ ನಳಿಗೆಯಿಂದ ಎಷ್ಟು ಬೆರಳು ಹೊರಗುಳಿಯಿತೆಂದು ನೋಡಿ ಪ್ರಾಣಿಗೆ ತಕ್ಕ ಈಡೆಂದು ನಿರ್ಧರಿಸುವ ಕ್ರಮದಲ್ಲಿ ಇಂದಿನ ತೋಟಾ ತುಂಬುವವನ ಎಲ್ಲ ವಿವೇಚನೆಯೂ ಅಡಗಿದೆ, ತಕ್ಕಡಿಯ ಜಾಗದಲ್ಲಿ ಬೆರಳು ಇದೆಯಷ್ಟೆ. ಒಂದು ಈಡು ತಪ್ಪಿದರೆ ಮತ್ತೊಂದು ತುಂಬುವಷ್ಟರಲ್ಲಿ ಬೇಟೆ ಕಣ್ಮರೆಯಾಗುತ್ತಿದ್ದುದರಿಂದ ಬೇಟೆಗಾರ ಹತ್ತಿರ ಹೋಗಬೇಕಿತ್ತು, ಕಾಯಬೇಕಿತ್ತು, ಅನುಮಾನವಿದ್ದರೆ ಕೈ ಹಿಂದೆ ತೆಗೆಯಬೇಕಿತ್ತು. ಸಂಯಮವಾದಿಗಳು ಹೊಗಳುವ ಗುಣವೆಲ್ಲ ಇಲ್ಲಿದೆ. ಆದರೆ ಅದು ಮನಸ್ಸಿನ ಗುಣವಾಗಿತ್ತೋ ಬಂದೂಕಿನ ಮಿತಿಯಾಗಿತ್ತೋ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಬುಡದಿಂದ ತೋಟಾ ಸೇರಿಸುವ, ಒಂದರ ಹಿಂದೊಂದರಂತೆ ಐದು ಗುಂಡು ಹೊಡೆಯುವ ರೈಫಲ್ಲುಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದಾಗ ಅವನ್ನು ಹಿಡಿದ ರಾಜಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ತೋರಿದ ಅಮಿತತೆಯನ್ನು ಗಮನಿಸಿದರೆ ಎರಡನೆಯದೇ ನಿಜವೆಂದು ಒಪ್ಪಬೇಕಾಗುತ್ತದೆ.

ಬೇಡರ ಕೈಯಿಂದ ಬಂದೂಕು ಹೋದದ್ದು ಮಾತ್ರ ಪ್ರಾಣಿಗಳ ಮೇಲಿನ ಕರುಣೆಯಿಂದ ಅಲ್ಲ. 1857ರ ನಿಶ್ಶಸ್ತ್ರೀಕರಣ ಕಾಯಿದೆಯಂತೆ ಆಯುಧ ಒಪ್ಪಿಸಲು ಮುಧೋಳ ಸೀಮೆಯ ಹಲಗಲಿಯ ಬೇಡರು ನಿರಾಕರಿಸಿದಾಗ ಊರಿಗೆ ಬೆಂಕಿ ಬಿತ್ತು, ಹತ್ತೊಂಬತ್ತು ಮಂದಿ ನೇಣುಗಂಬ ಏರಿದರು. ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ ಲಾವಣಿಯ ಮೂಲಕ ಆ ಕಥೆ ಕನ್ನಡಿಗರಲ್ಲಿ ಉಳಿದಿದೆ. ಮರುವರ್ಷದ ಫೆಬ್ರವರಿಯಲ್ಲಿ ಸುರಪುರ ಬಿತ್ತು, ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯ ಕಣ್ಣೆದುರು ಬೆಳೆದ ಎಳೆಯ ರಾಜಾ ವೆಂಕಟಪ್ಪ ನಾಯಕ ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ, 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಹಲಗಲಿಯವರಿಗೆ ಆಯುಧವೆಂದರೆ ಅನ್ನದ ದಾರಿಯೂ ಆಗಿತ್ತು, ಮಾನದ ಗುರುತೂ ಆಗಿತ್ತು. ಸರ್ಕಾರಕ್ಕೆ ಅದು ಬರೀ ಭಯದ ವಸ್ತು. ಇದಕ್ಕೆ ತದ್ವಿರುದ್ಧವಾದ ನಿರ್ಧಾರವೊಂದು ಮೂರು ನಾಲ್ಕು ವರ್ಷಗಳಲ್ಲೇ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಹೊರಬಿತ್ತು: 1861ರಲ್ಲಿ ಕೊಡಗಿನವರಿಗೆ, ಅವರ ನಿಷ್ಠೆಯನ್ನು ಮೆಚ್ಚಿ, ಆಯುಧ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಕೋವಿ ಅಲ್ಲಿಯೂ ಬೇಟೆಯದೇ, ಮನೆತನದ ಮಾನದ್ದೇ. ಒಂದೇ ವಸ್ತು ಒಂದು ಕಡೆ ಅಪರಾಧವಾಗಿ ಇನ್ನೊಂದು ಕಡೆ ಹಕ್ಕಾಗಿ ನಿಂತದ್ದಕ್ಕೆ ಹಿಡಿದವರ ಕೌಶಲವಾಗಲಿ ಸಂಯಮವಾಗಲಿ ಕಾರಣವಲ್ಲ, ಆಳುವವರಿಗೆ ಯಾರ ಮೇಲೆ ನಂಬಿಕೆಯಿತ್ತು ಎಂಬುದಷ್ಟೇ ಕಾರಣ.

ಆದ್ದರಿಂದ ಬಂದೂಕನ್ನು ಕುರಿತ ಎರಡು ಬಗೆಯ ಕಾನೂನುಗಳನ್ನು ಬೇರೆಬೇರೆಯಾಗಿ ನೋಡದೆ ಈ ಚರ್ಚೆ ಮುಂದೆ ಸಾಗದು. ಒಂದು, ಜನರಿಗೆ ಅಂಜಿ ಹುಟ್ಟಿದ್ದು. 1857ರಿಂದ 1878ರ ಆಯುಧ ಕಾಯಿದೆಯ ಮೂಲಕ ಹಾದು, ಬಹಳಷ್ಟು ತಿದ್ದಿಕೊಂಡು, ಸ್ವತಂತ್ರ ಭಾರತದ 1959ರ ಕಾಯಿದೆಯಾಗಿ ಅದು ಮುಂದುವರಿದಿದೆ. ಅದರ ಐದನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಹಾಗಾಗಿ ಬಂದೂಕಿನ ಲೈಸೆನ್ಸ್ ಉಳ್ಳವನೂ ಮನೆಯ ಮೇಜಿನ ಮೇಲೆ ತೋಟಾ ತುಂಬಲು ಕೂರುವಂತಿಲ್ಲ. ಇನ್ನೊಂದು, ಕಾಡಿಗಾಗಿ ಹುಟ್ಟಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದರ 1991ರ ತಿದ್ದುಪಡಿಯಿಂದ ಮೋಜಿನ ಬೇಟೆಗೆ ಇದ್ದ ಕೊನೆಯ ಕಿಂಡಿಯೂ ಮುಚ್ಚಿತು. ಮೊದಲನೆಯದರ ಇತಿಹಾಸ ಕಹಿಯಾದದ್ದೆಂದು ಎರಡನೆಯದನ್ನೂ ಅದೇ ಕಣ್ಣಿನಿಂದ ನೋಡುವವರಿದ್ದಾರೆ, ಅದು ಸರಿಯಲ್ಲ. ಎರಡನೆಯದು ಅರಸನ ಮಗನನ್ನೂ ಬೇಡನ ಮಗನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು, ಅದಕ್ಕೆ ಹಿಂದಿನ ಯಾವ ಬೇಟೆ ಕಾನೂನೂ ಆ ಧೈರ್ಯ ತೋರಿರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಅಳತೆ ಬಲ್ಲವನ ಗುಂಡು ಪ್ರಾಣಿಯನ್ನು ನರಳಿಸದು ಎಂಬ ವಾದದಲ್ಲಿ ನಿಜವಿದೆ, ಮತ್ತು ಆ ನಿಜ ಸಣ್ಣದಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಬಲಬದಿಯ ಕೋರೆಹಲ್ಲುಗಳು ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದಿದ್ದವು. ಸಹಜ ಬೇಟೆ ಸಿಗದೆ ಅದು ಮನುಷ್ಯರ ಮೇಲೆ ಬಿದ್ದಿತೆಂದು ಕಾರ್ಬೆಟ್ ವಿವರಿಸಿದ್ದಾನೆ. ಯಾರದೋ ಅಂದಾಜಿನ ಒಂದು ಈಡಿಗೆ ಕುಮಾವೂನಿನ ಹಳ್ಳಿಹಳ್ಳಿಗಳು ತೆತ್ತ ಬೆಲೆ ಅದು. ಆದರೆ ಅಳತೆ ಕಾಪಾಡುವುದು ಒಂದು ಗುಂಡಿನ ಶುದ್ಧಿಯನ್ನು ಮಾತ್ರ, ಗುಂಡುಗಳ ಎಣಿಕೆಯನ್ನಲ್ಲ. ನೂರು ಬೇಟೆಗಾರರು ನೂರು ಚಿಗರಿಗಳನ್ನು ಒಂದೊಂದೇ ಗುಂಡಿಗೆ, ನೋವಿಲ್ಲದಂತೆ, ಕರಾರುವಾಕ್ಕಾಗಿ ಕೆಡವಿದರೆ ಪ್ರತಿಯೊಬ್ಬನೂ ಸಂಯಮಿಯೇ, ಹೊಲದಲ್ಲಿ ಮಾತ್ರ ಚಿಗರಿ ಉಳಿದಿರುವುದಿಲ್ಲ. ಒಂದು ಕಾಲಕ್ಕೆ ಎರೆಸೀಮೆಯ ಹುಲ್ಲುಗಾವಲುಗಳ ಹಕ್ಕಿಯಾಗಿದ್ದ ಎರೆಭೂತ ಇಂದು ಕರ್ನಾಟಕದಲ್ಲಿ ತುಂಗಭದ್ರೆಯಾಚೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿರುವುದಕ್ಕೆ ಹುಲ್ಲುಗಾವಲು ಹೊಲವಾದದ್ದು ಎಷ್ಟು ಕಾರಣವೋ ಬೇಟೆಯೂ ಅಷ್ಟೇ ಕಾರಣ. ತನ್ನ ಕೈಯ ಗುಂಡನ್ನು ಬಲ್ಲವನು ನೆರೆಯವನ ಕೈಯ ಗುಂಡನ್ನು ಎಣಿಸಲಾರ. ಆ ಎಣಿಕೆ ಕಸುಬಿನ ವ್ಯಾಪ್ತಿಗೆ ಮೀರಿದ್ದು, ಸಮುದಾಯದ ಕಟ್ಟಳೆಗೋ ದೇಶದ ಕಾನೂನಿಗೋ ಸೇರಿದ್ದು. ಕೈಯಾರೆ ತೋಟಾ ತುಂಬುವವರ ನೈತಿಕ ವಾದ ಬಿರುಕು ಬಿಡುವುದು ಇಲ್ಲಿ.

ಹಾಗಿದ್ದರೂ ಕಾನೂನು ಅಳತೆಯ ಹೊಣೆಯನ್ನು ಕಸಿದುಕೊಂಡ ಮೇಲೆ ಅದನ್ನು ತಾನು ಹೊರಲೇಬೇಕು. ದೇವದುರ್ಗ, ಮಾನ್ವಿಗಳ ಕಡಲೆ, ಜೋಳ, ತೊಗರಿಯ ಹೊಲಗಳಿಗೆ ಹಂದಿಯೂ ಚಿಗರಿಯೂ ನುಗ್ಗಿದಾಗ ರೈತನಿಗೆ ಉಳಿದಿರುವ ದಾರಿ ಕಾಯುವುದು ಮತ್ತು ಕೂಗುವುದು. ವನ್ಯಜೀವಿ ಕಾಯಿದೆಯ ಹನ್ನೊಂದನೆಯ ಕಲಮು ಎರಡನೆಯ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯವಾದಾಗ ಅಧಿಕಾರಿಯ ಲಿಖಿತ ಅನುಮತಿಯ ಮೇಲೆ ಅದನ್ನು ಕೊಲ್ಲಲು ಅವಕಾಶ ಕೊಡುತ್ತದೆ, ಮೊದಲನೆಯ ಅನುಸೂಚಿಯ ಚಿಗರಿಗೆ ಬೆಳೆಹಾನಿಯ ಕಾರಣಕ್ಕೆ ಆ ಅವಕಾಶವಿಲ್ಲ, ಎರಡೂ ನ್ಯಾಯವಾದವೇ. ಅನುಮತಿ ಬೆಳೆಗಿಂತ ನಿಧಾನವಾಗಿ ಬಂದರೆ ಮಾತ್ರ ಆ ನ್ಯಾಯ ಕಾಗದದಲ್ಲೇ ಉಳಿದು, ಹೊಲದ ಬದುವಿಗೆ ಉರುಲೋ ಕರೆಂಟಿನ ತಂತಿಯೋ ಬರುತ್ತದೆ, ಮತ್ತು ಅವುಗಳಿಗೆ ಯಾವ ಅಳತೆಯೂ ಇಲ್ಲ. ಹಂದಿಗೆ ಒಡ್ಡಿದ ತಂತಿ ಚಿಗರಿಯನ್ನೂ ಆಕಳನ್ನೂ ನೀರು ಬಿಡಲು ಹೋದ ಆಳನ್ನೂ ಒಂದೇ ತೆರನಾಗಿ ಕೊಲ್ಲುತ್ತದೆ. ಬೆರಳಲ್ಲಿ ಈಡು ಅಳೆಯುತ್ತಿದ್ದ ಬೇಡನಿಗಿಂತ ಈ ತಂತಿ ಅನಾಗರಿಕವಾದದ್ದೆಂದು ಹೇಳಲು ಅಂಜಬೇಕಿಲ್ಲ.

ಕೊಡಗಿನ ಕೋವಿಗೆ ಕೊಟ್ಟ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು, 2021ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅದನ್ನು ಕಿತ್ತುಹಾಕಬೇಕೆಂಬುದು ಈ ಬರಹದ ಅಭಿಪ್ರಾಯವಲ್ಲ, ದೇವದುರ್ಗದ ಮನೆಮನೆಗೂ ಬಂದೂಕು ಹಂಚಬೇಕೆಂಬುದೂ ಅಲ್ಲ. 2029ರಲ್ಲಿ ಆ ಕಡತ ಮತ್ತೆ ತೆರೆದಾಗ, ಅದನ್ನು ಓದುವವರು 1861ರ ಆದೇಶದ ಪಕ್ಕದಲ್ಲಿ 1857ರ ಹಲಗಲಿಯ ದಾಖಲೆಯನ್ನೂ ಇಟ್ಟುಕೊಂಡು ಓದಲಿ.