ಸ್ಟುಡಿಯೋದ ನೆಗೆಟಿವ್‌ಗಳಿಗೆ ವಾರಸುದಾರರು ಯಾರು?

ಆರೋಗ್ಯ ಲೇಖನಗಳಿಗೆ ಎಡೆಕೊಡುವ ಸ್ಮರಣ ಸಂಚಿಕೆಯಲ್ಲಿ ಛಾಯಾಚಿತ್ರದ ಮಾತೇಕೆ ಎಂದು ಓದುಗರು ಕೇಳಬಹುದು. ಸ್ಮರಣೆಯೂ ಆರೋಗ್ಯದ ಒಂದು ಅಂಗವಲ್ಲವೆ? ಮನೆಯ ಹಿರಿಯರಿಗೆ ಮರೆವು ಬಂದರೆ ವೈದ್ಯರಲ್ಲಿಗೆ ಧಾವಿಸುತ್ತೇವೆ. ಒಂದು ಸಮಾಜಕ್ಕೇ ಮರೆವು ಕವಿದರೆ ಅದು ನಮ್ಮ ಗಮನಕ್ಕೇ ಬರುವುದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನೆಲೆನಿಂತ ಕನ್ನಡಿಗರ ನೆನಪಿನ ಒಂದು ದೊಡ್ಡ ಪಾಲು ಸ್ಟೇಷನ್ ರಸ್ತೆಯ ಸಣ್ಣ ಸಣ್ಣ ಸ್ಟುಡಿಯೋಗಳ ಕಪಾಟುಗಳಲ್ಲಿದೆ. ಅದು ನಾಶವಾಗುವ ಮುನ್ನ ನಾವು ಎಚ್ಚೆತ್ತುಕೊಳ್ಳಬೇಕೆಂಬುದೇ ಈ ಬರಹದ ಆಶಯ.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಆ 1854ರಲ್ಲಿಯೇ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ರೈಲು ಬಹುಬೇಗ ಬಡವರ ವಾಹನವಾಯಿತು; ಛಾಯಾಗ್ರಹಣ ಮಾತ್ರ ದೀರ್ಘಕಾಲ ಉಳ್ಳವರ ವಿದ್ಯೆಯಾಗಿಯೇ ಉಳಿಯಿತು. 1962ರ ಅನಂತರ ಥಾಣೆಯ ವಾಗ್ಳೆ ಎಸ್ಟೇಟ್ ಬೆಳೆದು, 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಖಾಡಿಯಾಚೆ ಹೊಸ ನಗರವನ್ನು ಕಟ್ಟತೊಡಗಿದಾಗ, ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಹೊಟ್ಟೆಪಾಡಿಗೆ ಬಂದ ನಮ್ಮವರಿಗೆ ಓಣಿಯ ಸ್ಟುಡಿಯೋ ಒಂದು ಅಗತ್ಯವೇ ಆಯಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗುವವರೆಗೆ ಕರಾವಳಿಯ ಊರಿಗೆ ಹೋಗಿಬರುವುದು ಸುಲಭವಿರಲಿಲ್ಲ. ಮಗುವಿನ ಮುಖ ಅಜ್ಜಿಗೆ ಕಂಡದ್ದು, ವಧುವಿನ ಮುಖ ವರನ ಕಡೆಯವರಿಗೆ ಕಂಡದ್ದು, ಅಂಚೆಯ ಲಕೋಟೆಯಲ್ಲಿ ಹೋದ ಸ್ಟುಡಿಯೋ ಚಿತ್ರದಿಂದಲೇ.

ಅಂಥ ಸ್ಟುಡಿಯೋದ ದಿನಚರಿಯನ್ನು ಎಂದಾದರೂ ಗಮನಿಸಿದ್ದೀರಾ? ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅರ್ಜಿ ಹಿಡಿದವರು ಕಾದಿರುತ್ತಾರೆ. ಒಂದು ಅರ್ಜಿಗೆ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಚಿತ್ರ ಬೇಕು. ಅಮೆರಿಕದ ವೀಸಾಕ್ಕೆ 2 ಅಂಗುಲದ ಚೌಕ ಬೇಕು. ಮಧ್ಯಾಹ್ನ ಶಾಲೆಯ ಗುರುತಿನ ಚೀಟಿ, ಚೌಕಟ್ಟು, ಲ್ಯಾಮಿನೇಶನ್. ಸಂಜೆ ಲೋಕಲ್ ರೈಲಿನಿಂದಿಳಿದವರು, ಅಳುವ ಕೂಸಿನೊಡನೆ ಬಂದ ದಂಪತಿಗಳು. ಮದುವೆಯ ದಿನಗಳಲ್ಲಿ ನಸುಕಿನ ಮುಹೂರ್ತಕ್ಕೆ ಹೋದವನು ಎಲ್ಲರ ಊಟ ಮುಗಿದ ಮೇಲೆ ತಾನು ಉಣ್ಣಬೇಕು. ಈ ಗದ್ದಲದ ನಡುವೆ ಯಾರೋ ಒಬ್ಬರು ಮೌನವಾಗಿ ಬಂದು ಒಂದು ಗುಂಪುಚಿತ್ರವನ್ನು ಮೇಜಿನ ಮೇಲಿಟ್ಟು, ಅದರಲ್ಲಿನ ಒಂದು ಮುಖವನ್ನು ತೋರಿಸುತ್ತಾರೆ: ಉತ್ತರಕ್ರಿಯೆಯ ದಿನಕ್ಕೆ ಇದನ್ನು ದೊಡ್ಡದು ಮಾಡಿಕೊಡಬೇಕು. ಬದುಕಿದ್ದಾಗ ಒಂಟಿಯಾಗಿ ಒಂದು ಫೋಟೋ ತೆಗೆಸಿಕೊಳ್ಳದ ತಾಯಿ ಹೀಗೆ ಗೋಡೆಗೆ ಬರುತ್ತಾಳೆ.

ಈ ದುಡಿಮೆಗೆ ದೇಹ ತೆತ್ತ ಬೆಲೆಯೂ ಉಂಟು. ಕತ್ತಲೆಕೋಣೆಯ ಡೆವಲಪರ್‌ನಲ್ಲಿದ್ದ ಮೆಟಾಲ್ ಎಂಬ ರಾಸಾಯನಿಕ ಹಲವರ ಬೆರಳುಗಳಿಗೆ ತುರಿಗಜ್ಜಿ ತರಿಸುತ್ತಿತ್ತು; ಗಾಳಿಯಾಡದ ಕೋಣೆಯಲ್ಲಿ ಆಮ್ಲದ ಘಾಟು ಗಂಟಲನ್ನು ಕೆರಳಿಸುತ್ತಿತ್ತು. ಈಗ ಆ ತೊಟ್ಟಿಗಳ ಸ್ಥಾನಕ್ಕೆ ಕಂಪ್ಯೂಟರ್ ಬಂದಿದೆ. ಬೆರಳಿನ ಬಾಧೆ ಹೋಗಿ ಕಣ್ಣು, ಕತ್ತು, ಬೆನ್ನುಗಳ ಬಾಧೆ ಸೇರಿಕೊಂಡಿದೆ.

ಹೀಗೆ ದುಡಿದು ತೆಗೆದ ಚಿತ್ರದ ಒಂದು ಪ್ರತಿ ನಮ್ಮ ಮನೆಗೆ ಬಂದರೆ, ನೆಗೆಟಿವ್ ಸ್ಟುಡಿಯೋದಲ್ಲಿಯೇ ಉಳಿಯುತ್ತಿತ್ತು. ಲಕೋಟೆಯ ಮೇಲೆ ಸಂಖ್ಯೆ, ಲೆಕ್ಕದ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಹೆಸರು ಮತ್ತು ದಿನಾಂಕ. ಅಂಗಡಿ ಮುಚ್ಚಿದಾಗ ಇವುಗಳ ಗತಿಯೇನು? ಕಪ್ಪು–ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಕರಗಿಸಲು ಕೊಳ್ಳುವವರಿದ್ದಾರೆ. ಲೆಕ್ಕದ ಪುಸ್ತಕವಂತೂ ರದ್ದಿಗೆ ಸಲ್ಲುತ್ತದೆ. ಉಳಿದುದನ್ನು ನಮ್ಮ ಮಳೆಗಾಲ ನೋಡಿಕೊಳ್ಳುತ್ತದೆ. ತೇವದ ಗಾಳಿಯಲ್ಲಿ ಫಿಲ್ಮಿನ ಜೆಲಟಿನ್ ಪದರಕ್ಕೆ ಬೂಷ್ಟು ಹಿಡಿಯುತ್ತದೆ. 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣ್ ಪರಿಸರದ ತಗ್ಗಿನ ಮನೆ, ಅಂಗಡಿಗಳಿಗೆ ನೀರು ನುಗ್ಗಿದ್ದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

‘ಅದು ಸ್ಟುಡಿಯೋದವರ ಸ್ವತ್ತು, ನಮಗೇನು?’ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ವಿಧಿಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರಿಗೇ ಸೇರುತ್ತದೆ. ಫಿಲ್ಮನ್ನು ಕಾಪಾಡಿದವರು ಅವರು. ಅದರಲ್ಲಿರುವ ಮುಖ ನಮ್ಮದು. ಅಂದಮೇಲೆ ಹೊಣೆಯಲ್ಲಿ ನಮ್ಮ ಪಾಲಿಲ್ಲವೆ?

ದೂರದೇಶದ ಒಂದು ನಿದರ್ಶನ ಇಲ್ಲಿ ಉಚಿತವೆನಿಸುತ್ತದೆ. ಆಫ್ರಿಕಾದ ಮಾಲಿ ದೇಶದ ಬಮಾಕೊ ನಗರದಲ್ಲಿ ಸೇಡು ಕೇಟಾ ಎಂಬಾತ 1948ರಲ್ಲಿ ಒಂದು ಸ್ಟುಡಿಯೋ ತೆರೆದು ಊರಿನವರ ಚಿತ್ರಗಳನ್ನು ತೆಗೆಯುತ್ತಿದ್ದ. 1991ರಲ್ಲಿ ನ್ಯೂಯಾರ್ಕಿನಲ್ಲಿ ಅವು ಪ್ರದರ್ಶಿತವಾದಾಗ ಛಾಯಾಗ್ರಾಹಕ ಅಜ್ಞಾತನೆಂದೇ ಬರೆಯಲಾಗಿತ್ತು. ಬಳಿಕ ಹುಡುಕಿ ಹೋದವರಿಗೆ ಆತನೂ ಆತ ಜೋಪಾನವಾಗಿಟ್ಟಿದ್ದ ನೆಗೆಟಿವ್‌ಗಳೂ ದೊರೆತು, 1994ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆದು ಜಗತ್ತು ಬೆರಗಾಯಿತು. ತೆಗೆದವನ ಹೆಸರೇನೋ ಸಿಕ್ಕಿತು. ಚಿತ್ರದಲ್ಲಿದ್ದ ಎಷ್ಟೋ ಜನರ ಹೆಸರು ಇಂದಿಗೂ ಇಲ್ಲ. ನಮ್ಮ ದೇಶದಲ್ಲಿಯೂ ಮಧ್ಯಪ್ರದೇಶದ ನಾಗದಾ ಪಟ್ಟಣದ ಸುರೇಶ್ ಪಂಜಾಬಿಯವರ ಸುಹಾಗ್ ಸ್ಟುಡಿಯೋದ ಹಳೆಯ ಚಿತ್ರಗಳನ್ನು ಆಧರಿಸಿ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ 2013ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ಒಂದು ಕೈಗಾರಿಕಾ ಪಟ್ಟಣದ ಸ್ಟುಡಿಯೋ ವಿದ್ವಾಂಸರ ಆಸಕ್ತಿಗೆ ಅರ್ಹವಾದರೆ, ಡೊಂಬಿವಲಿಯದು ಏಕಾಗಬಾರದು?

ನಮ್ಮ ಸಂಘಗಳು ಮಾಡಬಹುದಾದ ಕಾರ್ಯ ದುಬಾರಿಯದೇನಲ್ಲ. ಮುಚ್ಚುವ ಹಂತದಲ್ಲಿರುವ ಸ್ಟುಡಿಯೋದವರನ್ನು ಭೇಟಿಯಾಗಿ, ಒಪ್ಪಿದರೆ ನೆಗೆಟಿವ್‌ಗಳ ಜತೆಗೆ ಲೆಕ್ಕದ ಪುಸ್ತಕವನ್ನೂ ಪಡೆಯಬೇಕು. ಪುಸ್ತಕವಿಲ್ಲದ ನೆಗೆಟಿವ್ ಹೆಸರಿಲ್ಲದ ಮುಖ ಮಾತ್ರ. ವಾಚನಾಲಯದ ಒಂದು ಒಣ ಕಪಾಟಿನಲ್ಲಿ ಅವನ್ನು ಕಾಗದದ ಲಕೋಟೆಗಳಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಬೇಕು, ಪಿ.ವಿ.ಸಿ. ಚೀಲಗಳು ಸಲ್ಲವು. ವಿನೆಗರಿನ ವಾಸನೆ ಬರುವ ಫಿಲ್ಮು ಕೆಡುತ್ತಿದೆಯೆಂದು ತಿಳಿದು ಬೇರ್ಪಡಿಸಬೇಕು. ತರುಣರು ಅವುಗಳ ಡಿಜಿಟಲ್ ಪ್ರತಿ ತೆಗೆದು ಎರಡು ಬೇರೆ ಸ್ಥಳಗಳಲ್ಲಿ ಇಡಲಿ. ಆಯಾ ಮನೆಯವರ ಒಪ್ಪಿಗೆಯಿಲ್ಲದೆ ಯಾವುದನ್ನೂ ಪ್ರಕಟಿಸದಿರಲಿ. ವಾರ್ಷಿಕೋತ್ಸವದಂದು ಹಿರಿಯರನ್ನು ಕೂರಿಸಿಕೊಂಡು, ‘ಇವರು ಯಾರು?’ ಎಂದು ಕೇಳಿ ಬರೆದುಕೊಳ್ಳಲಿ. ಈ ಕೊನೆಯ ಕೆಲಸಕ್ಕೆ ಮಾತ್ರ ಕಾಲಾವಕಾಶ ಕಡಿಮೆ. ಉತ್ತರ ಹೇಳಬಲ್ಲವರ ಸಂಖ್ಯೆ ವರ್ಷೇ ವರ್ಷೇ ಇಳಿಯುತ್ತಿದೆ.

ಸಂಘದತ್ತ ಬೆರಳು ತೋರಿಸಿ ನಾವು ಸುಮ್ಮನಿರುವುದೂ ತರವಲ್ಲ. ಕೈಯ ಫೋನಿನಲ್ಲಿ ಸಾವಿರಾರು ಚಿತ್ರಗಳಿದ್ದರೂ, ವರ್ಷಕ್ಕೊಂದಾದರೂ ಚಿತ್ರವನ್ನು ಬಳಿಯ ಸ್ಟುಡಿಯೋದಲ್ಲಿ ಅಚ್ಚುಹಾಕಿಸೋಣ. ಅದರ ಬೆನ್ನಿಗೆ ಮೃದುವಾದ ಪೆನ್ಸಿಲಿನಿಂದ, ಕನ್ನಡದಲ್ಲಿ, ಹೆಸರು, ಊರು, ದಿನಾಂಕ ಬರೆದಿಡೋಣ. ಸ್ಟುಡಿಯೋದವನು ತನ್ನ ಪಾಲಿನ ಕೆಲಸವನ್ನು ಮಾಡಿದ್ದಾನೆ; ಉಳಿದರ್ಧ ನಮ್ಮದು.