ದಂಡಕ್ಕೆ ಮೊದಲು ಗುಂಡಿ

ಮಾಘ ಕಳೆದು ಬೇವಿನ ಮರಗಳು ಎಲೆ ಉದುರಿಸತೊಡಗಿದರೆ ಬಸವಕಲ್ಯಾಣ, ಹುಮನಾಬಾದ್‌ಗಳಂತಹ ಊರುಗಳಲ್ಲಿ ಅಂಗಳ ಗುಡಿಸುವವರಿಗೆ ಕೆಲಸ ಹೆಚ್ಚು. ತರಗೆಲೆಯನ್ನು ಮೂಲೆಗೆ ಒಟ್ಟಿ ಕಡ್ಡಿ ಗೀರಿದರೆ ಮುಗಿಯಿತೆಂದು ತಿಳಿಯುವವರು ಎಲ್ಲೆಡೆಯೂ ಉಂಟು. ಕಾನೂನು ಇದನ್ನು ಒಪ್ಪುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೀದಿಬಯಲುಗಳಲ್ಲಿ ಕಸ ಸುಡುವುದನ್ನು ನಿಷೇಧಿಸಿದವು. ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಹಾಗೆ ಸುಟ್ಟವರು 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟವರು 25,000 ರೂಪಾಯಿ ತೆರಬೇಕೆಂದು ಆದೇಶಿಸಿತು.

ಎಲೆಯ ಹೊಗೆಯಲ್ಲಿ ಅಂತಹ ಕೇಡೇನಿದೆ? ಗಾಳಿಯಾಡುವ ಒಲೆಯ ಉರಿಯೇ ಬೇರೆ, ತರಗಿನ ರಾಶಿಯ ಬೆಂಕಿಯೇ ಬೇರೆ. ರಾಶಿಯೊಳಗೆ ಆಮ್ಲಜನಕ ಸಾಲದು. ತುಸು ತೇವವೂ ಇರುತ್ತದೆ. ಆದುದರಿಂದ ದಹನಕ್ರಿಯೆ ಪೂರ್ಣವಾಗದೆ, ರಾಶಿಯು ಗಂಟೆಗಟ್ಟಲೆ ಹೊಗೆಯಾಡುತ್ತ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನೂ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳನ್ನೂ ಹೊರಬಿಡುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೂಗು ಇವನ್ನು ತಡೆಯಲಾರದು. ಇವು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಚಳಿ ಇನ್ನೂ ಬಿಡದ ಬೆಳಗುಗಳಲ್ಲಿ ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿದ್ದರೆ, ಹೊಗೆ ಮೇಲೇರದೆ ಓಣಿಯಲ್ಲಿಯೇ ನಿಲ್ಲುತ್ತದೆ. ಹೊಗೆಗೆ ಸೊಳ್ಳೆ ಓಡುತ್ತದೆಂಬ ಸಮಾಧಾನ ಕೆಲವರಿಗೆ. ಸೊಳ್ಳೆ ಓಡಿಸುವ ಹೊಗೆ ತೊಟ್ಟಿಲ ಕೂಸನ್ನು ಬಿಟ್ಟೀತೆ?

ಬೂದಿಯೂ ಗೊಬ್ಬರವಲ್ಲವೆ ಎನ್ನಬಹುದು. ಪೊಟ್ಯಾಷ್ ಉಳಿಯುವುದೇನೋ ನಿಜ. ಸಾರಜನಕದ ಬಹುಭಾಗ ಗಾಳಿಯ ಪಾಲಾಗುತ್ತದೆ.

ಆದರೂ ದಂಡವನ್ನೇ ಮುಂದುಮಾಡುವುದು ನನಗೆ ಸರಿಕಾಣದು. ಸುಡಬಾರದಾದರೆ ಎಲೆಯನ್ನು ಎಲ್ಲಿಗೆ ಒಯ್ಯಬೇಕು? ತೋಟದ ಕಸವನ್ನು ಮನೆಯವರು ತಮ್ಮ ಆವರಣದಲ್ಲಿ ಬೇರೆಯಾಗಿರಿಸಿ, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕೆಂದು ಅದೇ ನಿಯಮಗಳು ವಿಧಿಸಿದ್ದವು. ದಾರಿ ತೋರುವ ಹೊಣೆ ಪೌರಾಡಳಿತದ್ದು ಎಂದಾಯಿತು.

ಆ ದಾರಿ ನಮ್ಮ ನಾಡಿನಲ್ಲಿಯೇ ಸಿದ್ಧವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಗೊಬ್ಬರದ ಕ್ರಮ ‘ಬೆಂಗಳೂರು ವಿಧಾನ’ವೆಂದೇ ಹೆಸರಾಗಿದೆ. ಅವರು ಪಟ್ಟಣದ ಕಸಕ್ಕೆ ಮಲವನ್ನು ಬೆರೆಸುತ್ತಿದ್ದರು. ತರಗೆಲೆಗೆ ಸಗಣಿ ಸಾಕು. ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಆ ಕೊರತೆಯನ್ನು ಸಗಣಿ ತುಂಬುತ್ತದೆ. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಇವೆರಡನ್ನೂ ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಮೇಲೆ ಮಣ್ಣು ಮೆತ್ತಬೇಕು. ಮತ್ತೆ ಮತ್ತೆ ಕೆದಕಬೇಕಿಲ್ಲ, ತೇವ ಆರದು. ನೀರಿನ ಅಭಾವವಿರುವ ಬೀದರ ಸೀಮೆಗೆ ಇದಕ್ಕಿಂತ ಒಗ್ಗುವ ಕ್ರಮ ನನಗೆ ತೋರದು.

ವಾರ್ಡಿಗೊಂದು ಗುಂಡಿ ತೋಡಿಸಿದ ಮೇಲೆ ದಂಡದ ರಸೀದಿ ಹರಿಯಲಿ. ಫಾಲ್ಗುಣದಲ್ಲಿ ತುಂಬಿದ ಗುಂಡಿ ಆರೆಂಟು ತಿಂಗಳಲ್ಲಿ ಮಾಗಿ, ಹಿಂಗಾರಿನ ಕಡಲೆ, ಜೋಳದ ಬಿತ್ತನೆಯ ಹೊತ್ತಿಗೆ ಗೊಬ್ಬರ ಕೊಡುತ್ತದೆ.