ಡಬ್ಬಿ ಕಾಯುತ್ತಿದ್ದ ಅಂಗಡಿ

ಹೋದ ತಿಂಗಳು ಅಮ್ಮನ ಕಣ್ಣು ತೋರಿಸೋಕೆ ಅಂತ ಮಧುಗಿರಿಯಿಂದ ತುಮಕೂರಿಗೆ ಹೋಗಿದ್ದೆ. ಕಾರು ತಂದಿದ್ದೀನಿ ಅಂದರೂ ಕೇಳಲಿಲ್ಲ. ಕಾರಲ್ಲಿ ಕೂತರೆ ಅವಳಿಗೆ ಹೊಟ್ಟೆ ತೊಳಸುತ್ತೆ. ಹಾಗಾಗಿ ಬಸ್ಸು. ಎಷ್ಟೋ ವರ್ಷಗಳ ಮೇಲೆ ಕಿಟಕಿ ಪಕ್ಕ ಕೂತು, ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಅಂತ ನಮ್ಮೂರಿನವರು ಎದೆಯುಬ್ಬಿಸಿ ಹೇಳಿಕೊಳ್ಳೋ ಬೆಟ್ಟ ಹಿಂದೆ ಸರಿಯೋದನ್ನು ನೋಡಿದೆ. ಕೊರಟಗೆರೆ ದಾಟಿ, ಸುಮಾರು ನಲವತ್ಮೂರು ಕಿಲೋಮೀಟರ್ ಮುಗಿದು ಬಸ್ಸು ನಿಂತಾಗ ಇಳಿದೆ. ಇಳಿದವನು ಅಭ್ಯಾಸಬಲದಿಂದ ಎಡಕ್ಕೆ ತಿರುಗಿದೆ.

ಎಡಕ್ಕೆ ಗೋಡೆ ಇತ್ತು.

ತುಮಕೂರಿನ ಬಸ್ ಸ್ಟಾಂಡ್ ಈಗ ಹಳೆಯದಲ್ಲ ಅನ್ನೋದು ನಿಮಗೂ ಗೊತ್ತಿರುತ್ತೆ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಮೇಲೆ ಹಳೇ ನಿಲ್ದಾಣ ಕೆಡವಿ, ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡ ಎಬ್ಬಿಸಿದರು. ದೇವರಾಜ ಅರಸು ಅವರ ಹೆಸರಿಟ್ಟು 2024ರಲ್ಲಿ ಉದ್ಘಾಟನೆಯೂ ಆಯ್ತು. ಫೋಟೋದಲ್ಲಿ ನೋಡಿದ್ದೆ. ಆದರೆ ಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ ಅನ್ಸುತ್ತೆ.

ಮಧುಗಿರಿಯವರಿಗೆ ತುಮಕೂರಿನ ಬಸ್ ಸ್ಟಾಂಡ್ ಅಂದ್ರೆ ಏನು ಅಂತ ರೈಲಿರೋ ಊರಿನವರಿಗೆ ಅರ್ಥ ಮಾಡಿಸೋದು ಕಷ್ಟ. ನಮ್ಮೂರಿಗೆ ರೈಲಿಲ್ಲ. ತುಮಕೂರು–ರಾಯದುರ್ಗ ಮಾರ್ಗ ನಮ್ಮೂರಿನ ಮೇಲೇ ಹೋಗುತ್ತೆ ಅನ್ನೋ ಸುದ್ದಿಯನ್ನು ನಾನು ಹೈಸ್ಕೂಲಿನಿಂದ ಕೇಳ್ತಾ ಬಂದಿದ್ದೀನಿ, ಈಗ ಮೂವತ್ತಾಯ್ತು. ಹಾಗಾಗಿ ಆಸ್ಪತ್ರೆಗೆ, ಕಾಲೇಜಿಗೆ, ಬಟ್ಟೆಗೆ, ಬೆಂಗಳೂರಿಗೆ, ಎಲ್ಲದಕ್ಕೂ ಹೊಸಿಲು ಆ ಬಸ್ ಸ್ಟಾಂಡೇ. ಮಧುಗಿರಿ, ಕೊರಟಗೆರೆ, ಪಾವಗಡ, ಸಿರಾ ಕಡೆಯ ಜನ ಒಬ್ಬರಿಗೊಬ್ಬರು ಸಿಗ್ತಿದ್ದದ್ದೇ ಅಲ್ಲಿ. ನಮ್ಮ ಮಾವನಿಗೆ ಹೆಣ್ಣು ಗೊತ್ತಾಗಿದ್ದು ಕೂಡ ಅಲ್ಲಿನ ಸಿಮೆಂಟ್ ಬೆಂಚಿನ ಮೇಲೆ, ಎರಡು ಬಸ್ಸಿನ ಮಧ್ಯೆ.

ನಾನು ತುಮಕೂರಲ್ಲಿ ಇಂಜಿನಿಯರಿಂಗ್ ಓದಿದ್ದು 2012ರಿಂದ 2016ರವರೆಗೆ. ರೂಮಿನಲ್ಲಿ ಅಡುಗೆ ಅಂದ್ರೆ ಮ್ಯಾಗಿ. ವಾರಕ್ಕೆರಡು ದಿನ ಅಮ್ಮ ಬೆಳಗ್ಗೆ ಮಧುಗಿರಿಯಲ್ಲಿ ಬಸ್ಸಿನ ಕಂಡಕ್ಟರ್ ಕೈಗೆ ಸ್ಟೀಲ್ ಡಬ್ಬಿ ಕೊಡ್ತಿದ್ದಳು. ಮುದ್ದೆ ಆರಿದ್ರೆ ಚೆನ್ನಾಗಿರಲ್ಲ ಅಂತ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಳಿನ ಪಲ್ಯ. ನಿಯಮದಲ್ಲಿ ಇತ್ತೋ ಇಲ್ಲವೋ ಗೊತ್ತಿಲ್ಲ, ಯಾವ ಕಂಡಕ್ಟರೂ ಒಲ್ಲೆ ಅನ್ನಲಿಲ್ಲ. ಸಮಸ್ಯೆ ಈ ಕಡೆ. ಬಸ್ಸು ಬರೋ ಹೊತ್ತಿಗೆ ನನಗೆ ಲ್ಯಾಬ್ ಇರ್ತಿತ್ತು.

ಆಗ ಸಿಕ್ಕಿದ್ದು ಟೀ ಅಂಗಡಿ ಅಣ್ಣ. ಅಂಗಡಿ ಅಂದ್ರೆ ನಾಲ್ಕಡಿ ಜಾಗ, ಒಂದು ಸ್ಟವ್, ಗಾಜಿನ ಭರಣಿಗಳಲ್ಲಿ ಬನ್ನು, ಬಿಸ್ಕತ್ತು. ಅವರು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಕಡೆಯವರು. ಅರ್ಧ ತೆಲುಗು ಬೆರೆತ ಕನ್ನಡ. ಮಳೆ ಇಲ್ಲ, ಕಡಲೇಕಾಯಿ ಸಾಲ ತಂತು, ಬಂದ್ಬಿಟ್ಟೆ ಅನ್ನೋದು ಅವರ ಇಡೀ ಆತ್ಮಕಥೆ. ಕಂಡಕ್ಟರು ಡಬ್ಬಿ ಅವರ ಹತ್ರ ಇಟ್ಟು ಹೋಗೋರು. ನಾನು ಎಷ್ಟೊತ್ತಿಗೆ ಹೋದ್ರೂ ಡಬ್ಬಿ ಸ್ಟವ್ ಪಕ್ಕದಲ್ಲಿ, ಬಿಸಿ ತಾಕೋ ಅಷ್ಟು ದೂರದಲ್ಲಿ, ಒಂದು ಟವೆಲ್ ಮುಚ್ಚಿಕೊಂಡು ಕೂತಿರ್ತಿತ್ತು. ಹಾಗೆ ಮುಚ್ಚಿ ಅಂತ ಯಾರೂ ಹೇಳಿರಲಿಲ್ಲ.

ಐದನೇ ಸೆಮಿಸ್ಟರಿನಲ್ಲಿ ಪರೀಕ್ಷೆ ಫೀಸಿಗೆ ಕಡೇ ದಿನ ಬಂತು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಮ್ಮ ದುಡ್ಡನ್ನ ಡಬ್ಬಿಯ ಜೊತೆ ಕಟ್ಟಿ ಕಳಿಸಿದ್ದಳು. ಆವತ್ತೇ ಬಸ್ಸು ಕೊರಟಗೆರೆ ಹತ್ರ ಕೆಟ್ಟು ನಿಂತಿತು. ಆಗ ಯುಪಿಐ ಇರಲಿಲ್ಲ ಅಂದ್ರೆ ನಮ್ಮ ಟೀಮಿನ ಹೊಸ ಹುಡುಗರು ನಂಬಲ್ಲ. ನಾನು ಅಂಗಡಿ ಮುಂದೆ ಗಡಿಯಾರ ನೋಡ್ತಾ ನಿಂತಿದ್ದೆ.

"ಏನಪ್ಪಾ, ಮೊಕ ಇಂಗೈತೆ?"

ಹೇಳಿದೆ. ಅಣ್ಣ ಬಿಸ್ಕತ್ ಭರಣಿಯ ಕೆಳಗಿಂದ ನೋಟು ಎಣಿಸಿ ಸಾವಿರದ ಐನೂರು ಕೊಟ್ಟರು. ಕೆಲವು ನೋಟಿಗೆ ಹಾಲಿನ ಕಲೆ ಇತ್ತು. "ಓಡು, ಆಮೇಲೆ ಮಾತು" ಅಂದ್ರು.

ಸಂಜೆ ದುಡ್ಡು ಬಂತು. ಸಾವಿರ ಕೊಟ್ಟೆ. ಉಳಿದ ಐನೂರಿಗೆ ಬೇರೆ ಏನೋ ಖರ್ಚಿತ್ತು, ಮುಂದಿನ ವಾರ ಅಂದೆ. ಮುಂದಿನ ವಾರ ಅನ್ನೋದು ಕೋರ್ಸ್ ಮುಗಿಯೋವರೆಗೂ ಹೋಯ್ತು. ಅವರು ಕೇಳಲಿಲ್ಲ. ಕೇಳದೇ ಇದ್ದದ್ದರಿಂದಲೇ ನಾನು ಕೊಡಲಿಲ್ಲ ಅನ್ನೋದು ನಿಜ, ಒಪ್ಕೋತೀನಿ.

2016ರ ಆಗಸ್ಟಿನಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ಸಂಬಳದಲ್ಲಿ ಒಂದು ಐನೂರರ ನೋಟನ್ನ ಕವರಿಗೆ ಹಾಕಿ ಮಾರ್ಕ್ಸ್ ಕಾರ್ಡ್ ಫೈಲಲ್ಲಿ ಇಟ್ಟೆ, ಊರಿಗೆ ಹೋಗುವಾಗ ಇಳಿದು ಕೊಟ್ಟು ಹೋಗೋಣ ಅಂತ. ದೀಪಾವಳಿಗೆ ಹೋದಾಗ ಫೈಲು ಬೆಂಗಳೂರಲ್ಲೇ ಉಳಿದಿತ್ತು. ನವೆಂಬರ್ 8ರ ರಾತ್ರಿ ಆ ನೋಟು ಸತ್ತಿತು. ಬ್ಯಾಂಕಿನ ಕ್ಯೂನಲ್ಲಿ ಉಳಿದದ್ದೆಲ್ಲ ಬದಲಾಯಿಸಿದೆ, ಕವರು ಮರೆತೇ ಹೋಗಿತ್ತು. ಈಗಲೂ ಇದೆ ಫೈಲಲ್ಲಿ.

ಮತ್ತೆ ಕೊಟ್ಟರಾಯ್ತು ಅಂತ ಇದ್ದೆ. ಅಷ್ಟರಲ್ಲಿ ಕಾರು ಬಂತು, ಬಸ್ ಸ್ಟಾಂಡಿಗೆ ಹೋಗೋ ಕಾರಣ ಹೋಯ್ತು. ಒಂದು ದಿನ ಅಶೋಕ ರಸ್ತೆಯಲ್ಲಿ ಹಾದುಹೋಗುವಾಗ ನೋಡ್ತೀನಿ, ಸುತ್ತ ತಗಡಿನ ಶೀಟು, ಒಳಗೆ ಜೆಸಿಬಿ.

ಹಳೇ ಸ್ಟಾಂಡು ಸ್ವರ್ಗ ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಮಳೆ ಬಂದ್ರೆ ಮೊಣಕಾಲ ಮಟ್ಟಕ್ಕೆ ಪ್ಯಾಂಟ್ ಮಡಚಬೇಕಿತ್ತು. ಶೌಚಾಲಯದ ದಿಕ್ಕನ್ನು ಮೂಗೇ ಹೇಳ್ತಿತ್ತು. ಅಮ್ಮ ಮಧುಗಿರಿಯಲ್ಲಿ ಬಸ್ಸು ಹತ್ತೋ ಮುಂಚೆ ನೀರು ಕುಡೀತಿರಲಿಲ್ಲ, ಅದೇ ಕಾರಣಕ್ಕೆ. ಈ ಸಲ ನಾನು ಹೊಸ ಕಟ್ಟಡ ನೋಡಿ ಮುಖ ಸಪ್ಪಗೆ ಮಾಡಿದಾಗ ಅವಳೇ ಅಂದಳು: "ನಿಂಗೇನಪ್ಪಾ, ನೆನಪು. ನಂಗೆ ಕೂರಾಕೆ ಜಾಗ ಐತೆ, ಹೋಗಾಕೆ ಬಾತ್ರೂಮ್ ಐತೆ." ಉತ್ತರ ಇರಲಿಲ್ಲ.

ಆದರೆ ನಕ್ಷೆ ಬರೆಯೋರು ಬಸ್ಸಿಗೆ, ಪಾರ್ಕಿಂಗಿಗೆ, ಮಳಿಗೆಗೆ ಜಾಗ ಗುರುತು ಮಾಡುವಾಗ ಆ ನಾಲ್ಕಡಿ ಎಲ್ಲಿ ಬರುತ್ತೆ? ಹೊಸ ಮಳಿಗೆಗೆ ಹರಾಜು, ಠೇವಣಿ, ತಿಂಗಳ ಬಾಡಿಗೆ. ಬಿಸ್ಕತ್ ಭರಣಿ ಕೆಳಗಿನ ದುಡ್ಡಲ್ಲಿ ಅದಾಗಲ್ಲ. ನಾವು ಹಳೇ ಸಾಫ್ಟ್‌ವೇರ್ ತೆಗೆದು ಹೊಸದು ಹಾಕುವಾಗ, ಅದನ್ನ ನಂಬಿಕೊಂಡು ಯಾರು ಯಾರಿದ್ದಾರೆ ಅಂತ ಮೊದಲು ಪಟ್ಟಿ ಮಾಡ್ತೀವಿ. ಪಟ್ಟಿಯಲ್ಲಿ ಯಾರಾದ್ರೂ ಬಿಟ್ಟುಹೋದ್ರೆ ರಾತ್ರಿ ಎರಡಕ್ಕೆ ಫೋನ್ ಬರುತ್ತೆ. ಇಲ್ಲಿ ಫೋನ್ ಮಾಡೋರೂ ಇರಲಿಲ್ಲ.

ಅಮ್ಮನನ್ನು ಬೆಂಚಲ್ಲಿ ಕೂರಿಸಿ ಹೊರಗೆ ಬಂದೆ. ರಸ್ತೆ ಬದಿ ಹೂವಿನ ಅಜ್ಜಿಯೊಬ್ಬರು ಮಾತ್ರ ಹಳಬರು ಅನ್ನಿಸ್ತು. ಎರಡು ಮೊಳ ಕನಕಾಂಬರ ತಗೊಂಡು ಕೇಳಿದೆ.

"ಪಾವಗಡದ ಟೀ ಅಂಗಡಿಯೋನಾ? ಶೀಟು ಹಾಕಿದ್ ದಿನಾನೇ ಸಾಮಾನು ಕಟ್ಟಿದ. ಸ್ವಲ್ಪ ದಿನ ತಳ್ಳೋ ಗಾಡೀಲಿ ನೋಡ್ದ, ಆಗ್ಲಿಲ್ಲ. ಊರಿಗೋದ. ಅಲ್ಲಿ ಸೋಲಾರ್ ಬಂತಲ್ಲಪ್ಪಾ, ಜಮೀನಿಗೆ ಬಾಡಿಗೆ ಬತ್ತದಂತೆ."

ಅದು ನನಗೂ ಗೊತ್ತು. ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿನದ್ದು, ಸುಮಾರು 13,000 ಎಕರೆ. ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡಿದ್ದಾರೆ. ತಿರುಮಣಿ, ವಳ್ಳೂರು, ಬಳಸಮುದ್ರ, ಎಲ್ಲ ನಾಗಲಮಡಿಕೆ ಹೋಬಳಿಯವೇ. ಬೆಳೆ ಕೊಡದ ನೆಲ ಅವರನ್ನು ಬಸ್ ಸ್ಟಾಂಡಿಗೆ ತಂದಿತ್ತು, ಬಿಸಿಲು ವಾಪಸ್ ಕರೆಸಿಕೊಂಡಿದೆಯೋ ಏನೋ. ಅವರ ಹೆಸರಲ್ಲಿ ಎಷ್ಟು ಎಕರೆ ಇತ್ತು ಅಂತ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಪೂರ್ತಿ ಹೆಸರೂ ಕೇಳಿರಲಿಲ್ಲ. ಅಣ್ಣ, ಅಷ್ಟೇ.

ವಾಪಸ್ ಬಂದು ಅಮ್ಮನಿಗೆ ಹೇಳಿದೆ. ಐನೂರರ ಕಥೆ ಅವಳಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪಾವಗಡದ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಹುಡುಕಿಕೊಂಡು ಹೋಗಿ ಕಂಡಕ್ಟರನ್ನ ತಾನೇ ವಿಚಾರಿಸಿದಳು. ತಿರುಮಣಿಯಲ್ಲಿ ಒಬ್ಬರು ವಯಸ್ಸಾದವರು ಟೀ ಅಂಗಡಿ ಇಟ್ಟಿದ್ದಾರೆ, ತುಮಕೂರಲ್ಲಿ ಇದ್ದವರೋ ಏನೋ ಗೊತ್ತಿಲ್ಲ ಅಂದರಂತೆ.

ಬರೋ ಭಾನುವಾರ ಹೋಗಿ ಬರ್ತೀನಿ. "ದುಡ್ಡೊಂದೇ ಕೊಡಬೇಡ, ಚೆನ್ನಾಗಿರಲ್ಲ" ಅಂದಿದ್ದಾಳೆ ಅಮ್ಮ. ಶನಿವಾರ ರಾತ್ರಿಯೇ ಹುಚ್ಚೆಳ್ಳು ಹುರಿದು ಇಡ್ತಾಳಂತೆ.